ಬೆಳ್ಳಕ್ಕಿಯ ಕಾಲು

ಅಕ್ಕೋರು ತೀರಿಕೊಂಡ ಮೇಲೂ ಅವರ ಹೆಸರಿಗೆ ಪುಸ್ತಕ ಬಂತು. ಪೋಸ್ಟಿನವನಿಗೆ ಸುದ್ದಿ ಗೊತ್ತಿತ್ತು. ಪಕ್ಕದ ಮನೆಯ ಬೀಗ ನೋಡಿ ನಮ್ಮ ಜಗಲಿಗೆ ಬಂದು, ಇದನ್ನು ಎಂತ ಮಾಡುವುದು, ವಾಪಸ್ ಕಳಿಸಲಾ ಅಂತ ಕೇಳಿದ. ಬೇಡ, ಇಲ್ಲೇ ಕೊಡು ಅಂದೆ. ಅವರು ಕಂತು ಕಂತಾಗಿ ಕತೆ ಬರೆಯುತ್ತಿದ್ದ ಆ ಮಕ್ಕಳ ಮಾಸಪತ್ರಿಕೆಯನ್ನು ತಿಂಗಳು ತಿಂಗಳೂ ಅವರಿಗಿಂತ ಮೊದಲು ಬಿಚ್ಚುತ್ತಿದ್ದವಳು ನಾನೇ. ಈ ಸಲವೂ ಬಿಚ್ಚಿದೆ. ಸಂಜೆ ದೇವರಿಗೆ ದೀಪ ಹಚ್ಚಿ ಅಲ್ಲೇ ಕೂತು ಅವರ ಕತೆ ಓದಿದೆ. ಓದಿದ್ದನ್ನು ಆ ದಿನ ಯಾರಿಗೂ ಹೇಳಲಿಲ್ಲ. ಅದರಲ್ಲಿ ಎಂತ ಇತ್ತು ಅಂತ ಹೇಳಬೇಕಾದರೆ ಅಕ್ಕೋರು ಎಂಥವರು ಅಂತ ಮೊದಲು ಹೇಳಬೇಕು.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು. ಇವರ ಹೆಸರು ಬೇರೆಯೇ ಇತ್ತು, ಆದರೆ ಮಾವಳ್ಳಿಯ ನಮ್ಮ ಕೇರಿಯಲ್ಲಿ ಅದು ಪೋಸ್ಟಿನವನಿಗೆ ಮಾತ್ರ ಬೇಕಾಗುತ್ತಿತ್ತು. ಮದುವೆಯಾಗಿರಲಿಲ್ಲ. ಹೊನ್ನಾವರ ತಾಲೂಕಿನ ಘಟ್ಟದ ಬುಡದ ಶಾಲೆಗಳಲ್ಲೇ ಅವರ ನೌಕರಿ ಮುಗಿದಿತ್ತು. ರಿಟಾಯರಾದ ಮೇಲೆ ಸಮುದ್ರದ ಗಾಳಿ ಬೇಕು ಅಂತ ನಮ್ಮ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದರು. ಎತ್ತರದ, ಸಪೂರ ಹೆಂಗಸು. ಕನ್ನಡಕಕ್ಕೆ ಕರಿ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಿದ್ದರು. ಯಾರೇ ಎದುರಿಗೆ ಬಂದರೂ ಮೊದಲು ಅವರ ಕಾಲು ನೋಡುವುದು, ಆಮೇಲೆ ಮುಖ. ಬಂದ ಹೊಸತರಲ್ಲಿ ನನಗೆ ಅದು ಕಸಿವಿಸಿ. ನನ್ನ ಒಡೆದ ಹಿಮ್ಮಡಿ ನೋಡಿ ಎಂತ ಅಂದುಕೊಂಡರೋ ಅಂತ ಸೀರೆಯ ಅಂಚು ಕೆಳಗೆ ಎಳೆದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲೆ ನಾನು ಜಗಲಿಯಲ್ಲಿ ಹೂ ಕಟ್ಟಲಿಕ್ಕೆ ಕೂರುವುದು. ಹಿತ್ತಲಲ್ಲಿ ಮಲ್ಲಿಗೆ ಗಿಡ ಇದೆ. ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ದಂಡೆ ಕಟ್ಟಿ ಇಟ್ಟರೆ ಭಟ್ಕಳದ ಪೇಟೆಗೆ ಹೂ ಒಯ್ಯುವವನು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ತೆಗೆದುಕೊಂಡು ಹೋಗುತ್ತಾನೆ. ಅಕ್ಕೋರು ತಾವಾಗಿಯೇ ಬಂದು ಎದುರಿಗೆ ಕೂತು ನಾರು ನೆನೆಸಿಕೊಂಡರು. ಕಲಿತದ್ದು ಬೇಗ. ಅವರ ದಂಡೆ ನನ್ನದಕ್ಕಿಂತ ಒತ್ತಾಗಿರುತ್ತಿತ್ತು. ಈಚೆಗೆ ನನ್ನ ದಂಡೆಯಲ್ಲಿ ನಡುನಡುವೆ ಸಂದು ಬೀಳುತ್ತದೆ, ಹೂವಿನವನು ಕೂಡ ಎತ್ತಿ ತೋರಿಸಿದ. ನಾರು ಮೊದಲಿನಂತೆ ಚೊಲೋ ಬರುವುದಿಲ್ಲ ಅಂದೆ.

ಹೂ ಕಟ್ಟುತ್ತಾ ಕತೆ ಹೇಳುತ್ತಿದ್ದರು. ಬರೆಯುವ ಮೊದಲು ಬಾಯಲ್ಲಿ ಹೇಳಿ ನೋಡುವುದು ಅವರ ಕ್ರಮ. ನನ್ನ ಕೈ ನಿಂತರೆ ಆ ಜಾಗ ಸರಿಯಾಗಿದೆ ಅಂತ ಲೆಕ್ಕವಂತೆ; ಕೈ ತನ್ನಷ್ಟಕ್ಕೆ ಓಡುತ್ತಿದ್ದರೆ ಅಲ್ಲಿ ಕತೆ ಸಪ್ಪೆ.

ಆ ಕತೆ ನಡೆಯುವುದು ಅಳಿವೆನಾಡು ಅನ್ನುವ ರಾಜ್ಯದಲ್ಲಿ. ನದಿ ಸಮುದ್ರಕ್ಕೆ ಸೇರುವ ಬಾಯಲ್ಲಿರುವ ರಾಜ್ಯ. ಅಲ್ಲಿ ಮಗು ಹುಟ್ಟಿದಾಗ ಒಂದು ಪ್ರಾಣಿ ತಾನಾಗಿ ಬಂದು ಹೊಸ್ತಿಲ ಹೊರಗೆ ಕೂರುತ್ತದೆ. ಯಾರೂ ಕರೆಯುವುದಿಲ್ಲ, ಸಾಕುವುದಿಲ್ಲ. ಸಾಯುವವರೆಗೆ ಅದು ಆ ಮಗುವಿನ ಜೊತೆ. ರಾಜನಿಗೆ ಒಂದು ಆನೆ, ಅದಕ್ಕೆ ಕಣ್ಣು ಮಂಜಾಗುತ್ತಾ ಬಂದಿದೆ. ಮಂತ್ರಿಗೆ ಮುಂಗುಸಿ. ದೋಣಿಯವನಿಗೆ ಒಂದು ಏಡಿ, ನೀರು ಇಳಿದಾಗ ಅದು ಮಣ್ಣಿನಲ್ಲಿ ಹೂತುಕೊಂಡರೆ ಅವನೂ ಮುಸುಕು ಹಾಕಿ ಮಲಗುವುದು.

ನನಗೆ ಇದರಲ್ಲಿ ಆಶ್ಚರ್ಯ ಆಗಲಿಲ್ಲ. ಗಣಪತಿಗೆ ಇಲಿ, ಸುಬ್ರಹ್ಮಣ್ಯನಿಗೆ ನವಿಲು. ದೇವರಿಗೇ ವಾಹನ ಬೇಕಾದ ಮೇಲೆ ಹುಲುಮನುಷ್ಯರಿಗೆ ಒಂದು ಜೊತೆ ಬೇಡವಾ ಅಂದೆ. ಅಕ್ಕೋರು ಕೈಲಿದ್ದ ಗಂಟು ಬಿಗಿದು ತಲೆ ಅಲ್ಲಾಡಿಸಿದರು.

"ವಾಹನ ಅಲ್ಲ ತಂಗಿ. ವಾಹನ ಹೊತ್ತುಕೊಂಡು ಹೋಗ್ತದೆ. ಇದು ಮುಂದೆ ಹೋಗ್ತದೆ."

ಅವರ ಕತೆಯ ಕಾನೂನು ಅಷ್ಟೇ. ಪ್ರಾಣಿ ಮೊದಲು, ಮನುಷ್ಯ ಆಮೇಲೆ. ಆನೆಗೆ ಕಣ್ಣು ಹೋದರೆ ರಾಜನಿಗೆ ಬುದ್ಧಿ ಹೋಗುವುದು ಬಾಕಿ ಅಂತಲೇ ತಿಳಿಯಬೇಕು. ಇನ್ನೊಂದು ಕಾನೂನೂ ಇತ್ತು. ತನ್ನ ಪ್ರಾಣಿಗೆ ಎಂತ ಆಗಿದೆ ಅಂತ ತನಗೆ ಕಾಣುವುದಿಲ್ಲ. ಬೇರೆ ಯಾರಾದರೂ ನೋಡಿ ಹೇಳಬೇಕು.

ಕೇರಿಯವರಿಗೆಲ್ಲ ತಮ್ಮ ತಮ್ಮ ಪ್ರಾಣಿ ಯಾವುದು ಅಂತ ಕೇಳುವ ಚಟ ಹತ್ತಿತು. ಹೂವಿನವನು ಸ್ಕೂಟರಿನಿಂದ ಇಳಿಯದೇ, "ನಂದು ಹುಲಿನಾ ಅಕ್ಕೋರೆ?" ಅಂದ. "ನಿಂದು ಕಾಗೆ. ಬೆಳಗಾದರೆ ಎಲ್ಲರಿಗಿಂತ ಮೊದಲು ಬಂದು ಕೂಗ್ತೆ" ಅಂದರು. ಅವನಿಗೆ ಬೇಸರ ಇಲ್ಲ. ಕಾಗೆ ಉಪವಾಸ ಬಿದ್ದದ್ದು ಕಂಡಿದ್ದೀರಾ ಅಂತ ನಗುತ್ತಾ ಹೋದ. ನಮ್ಮ ಮನೆಯವರು ಪಂಪುಸೆಟ್ ರಿಪೇರಿ ಮಾಡುವವರು. ಅವರಿಗೆ ಕಪ್ಪೆ ಸಿಕ್ಕಿತು, ಬಾವಿಯ ನೀರು ಮೊದಲು ಮುಟ್ಟುವುದು ಅದೇ ಅಂತ. ನನ್ನದು ಎಂತ ಅಂದಾಗ ಮಾತ್ರ, "ನಿನ್ನದು ಇನ್ನೂ ಮೊಟ್ಟೆಯೊಳಗೆ ಇದೆ, ತಡಿ" ಅಂದುಬಿಟ್ಟರು. ನನಗೆ ಒಳಗೊಳಗೇ ಸಣ್ಣ ಬೇಸರ. ಮನೆ ಹೆಂಗಸಿಗೆ ಕತೆಯಲ್ಲಿಯೂ ಕೊನೆಗೇ ಬಡಿಸುವುದು ಅಂದುಕೊಂಡೆ.

ನಿಮ್ಮದು ಯಾವುದು ಅಕ್ಕೋರೆ ಅಂದರೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುವುದು.

ನಮ್ಮ ಮಗಳಿಗೆ ಮಾತ್ರ ಕೇಳುವ ಮೊದಲೇ ಸಿಕ್ಕಿತ್ತು. ಅವಳು ಬೆಳ್ಳಗೆ, ಉದ್ದ ಕಾಲು, ಗದ್ದೆಯ ಅಂಚಿನ ಹಾಳಿಯ ಮೇಲೆ ನಡೆದರೆ ಒಂದೊಂದೇ ಹೆಜ್ಜೆ ಎತ್ತಿ ಎತ್ತಿ ಇಡುವವಳು. ಅಳಿವೆನಾಡಿನಲ್ಲಿ ಹಿನ್ನೀರಿನ ಗದ್ದೆ ಕಾಯುವ ಹುಡುಗಿಯೊಬ್ಬಳು ಬಂದಳು, ಅವಳ ಜೊತೆ ಒಂದು ಬೆಳ್ಳಕ್ಕಿ. ಅದು ಪುಸ್ತಕದಲ್ಲಿ ಬಂದ ದಿನ ಮಗಳು ಚಿತ್ರದ ಫೋಟೋ ತೆಗೆದು ತನ್ನ ಫೋನಿಗೆ ಹಾಕಿಕೊಂಡಳು. ಕುಮಟೆಗೆ ಮದುವೆಯಾಗಿ ಹೋದ ಮೇಲೂ ಅದೇ ಚಿತ್ರ. ಅವಳ ಗಂಡ ಕೂಡ ಮನೆಯಲ್ಲಿ ಬೆಳ್ಳಕ್ಕಿ ಅಂತಲೇ ಕರೆಯುತ್ತಿದ್ದ.

ಅಕ್ಕೋರು ಕಾಲು ನೋಡುವುದು ಎಂತಕ್ಕೆ ಅಂತ ಒಂದು ಮಧ್ಯಾಹ್ನ ನಾನೇ ಕೇಳಿದೆ. ಹಿತ್ತಲಿನ ಗೇರು ಮರಕ್ಕೆ ಮಂಗಗಳು ಬಂದಿದ್ದವು, ಅವನ್ನು ಓಡಿಸಲಿಕ್ಕೆ ಎದ್ದವಳನ್ನು ಅವರು ಕೈ ಹಿಡಿದು ಕೂರಿಸಿದರು. ಇರಲಿ, ಮರದ ಮೇಲೆ ಇವೆಯಲ್ಲ, ಅದೇ ಒಳ್ಳೆಯದು ಅಂದರು. ಆಮೇಲೆ ಹೇಳಿದರು. ಘಟ್ಟದ ಬುಡದ ಶಾಲೆಯಲ್ಲಿ ಇದ್ದಾಗ ಒಂದು ಚಳಿಗಾಲ ಕಾಡಿನಲ್ಲಿ ಮಂಗಗಳು ಬೀಳತೊಡಗಿದವು. ಸೌದೆಗೆ ಹೋದ ಒಬ್ಬ ಹುಡುಗಿ ಬಂದು, ಅಕ್ಕೋರೆ, ಮಂಗ ಮಲಗಿಕೊಂಡಿದೆ, ಎಬ್ಬಿಸಿದರೆ ಏಳುವುದಿಲ್ಲ ಅಂದಳು. ಅಕ್ಕೋರಿಗೆ ಗೊತ್ತಾಯಿತು. ಸತ್ತ ಮಂಗನ ಮೈಯಿಂದ ರಕ್ತ ಹೀರುವ ಉಣುಗುಗಳು ಇಳಿದು ಮನುಷ್ಯರ ಕಾಲು ಹತ್ತುತ್ತವೆ, ಆಮೇಲೆ ಮಂಗನ ಜ್ವರ. ಅಂದಿನಿಂದ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬರಿಗಾಲುಗಳನ್ನು ನೋಡಿದರು. ಮನೆ ಮನೆಗೆ ಹೋಗಿ ಸೌದೆಗೆ ಹೋಗಬೇಡಿ, ಎರಡು ವಾರ ಹಾಗೇ ಸುಧಾರಿಸಿ ಅಂತ ಹೇಳಿದರು. ಮಂಗ ಸತ್ತರೆ ಒಲೆ ಹಚ್ಚಬಾರದಾ ಅಂತ ಜನ ನಕ್ಕರು. ಮಲಗಿಕೊಂಡ ಮಂಗವನ್ನು ಎಬ್ಬಿಸಲಿಕ್ಕೆ ಹೋದ ಹುಡುಗಿಯೇ ಮೊದಲು ಹೋಯಿತು.

"ನೆಟ್ಟಗೆ ಹೇಳಿದ್ದೆ ತಂಗಿ. ಕೇಳಲಿಲ್ಲ" ಅಂದರು. "ಅದೇ ಊರಿನ ಜನ ಸಂಜೆಗೆ ಕತೆ ಹೇಳಿದರೆ ಮಕ್ಕಳನ್ನು ಕಟ್ಟಿಕೊಂಡು ಬಂದು ಬಾಯಿ ತೆಗೆದು ಕೂರುತ್ತಿದ್ದರು."

ನನ್ನ ಕೈ ನಿಂತಿತ್ತು. ಅವರದು ನಿಂತಿರಲಿಲ್ಲ.

ಮರುವರ್ಷದ ಬೇಸಿಗೆಗೆ ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಏಳು ತುಂಬಿತ್ತು. ಮಡಿಲು ತುಂಬಿ, ದೇವರಿಗೆ ಹಣ್ಣುಕಾಯಿ ಮಾಡಿಸಿ, ಎಲ್ಲ ಸುಸೂತ್ರ. ಸೆಕೆ ಮಾತ್ರ ತಡೆಯಲಿಕ್ಕಾಗದ್ದು. ಅವಳ ಮುಖ ತುಂಬಿಕೊಂಡು ಲಕ್ಷ್ಮಿಯಂತೆ ಕಾಣುತ್ತಿತ್ತು, ನಾನು ದೃಷ್ಟಿ ತೆಗೆದೆ. ಅಕ್ಕೋರು ಬಂದವರು ಎಂದಿನಂತೆ ಅವಳ ಕಾಲು ನೋಡಿದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ನನಗೆ, ಒಮ್ಮೆ ಡಾಕ್ಟರಿಗೆ ತೋರಿಸು, ಬಿ.ಪಿ. ನೋಡಿಸು ಅಂದರು. ಒಳಗೆ ಅಕ್ಕಿ ಆರಿಸುತ್ತಿದ್ದ ನಮ್ಮ ಅತ್ತೆಗೆ ಅದು ಕೇಳಿತು. ಬಸುರಿ ಕಾಲು ಸೆಕೆಗೆ ಬಾತುಕೊಳ್ಳದೇ ಇರುತ್ತದಾ, ಹೆತ್ತವರಿಗೆ ಗೊತ್ತಿರುತ್ತದೆ, ಹೆರದವರಿಗೆ ಎಂತ ಗೊತ್ತು ಅಂತ ಗೋಡೆಗೆ ಹೇಳಿದಂತೆ ಹೇಳಿದರು. ನಾನು ಕೂಡ, ಹೇಗೂ ಮುಂದಿನ ವಾರ ತೋರಿಸಲಿಕ್ಕೆ ಹೋಗುವುದಿದೆ, ಆತು ಅಕ್ಕೋರೆ ಅಂದೆ.

ಮಾರನೆಯ ದಿನ ಹೂ ಕಟ್ಟುವಾಗ ಕತೆ ಮುಂದುವರಿಸಿದರು. ಅಳಿವೆನಾಡಿನ ಹಿನ್ನೀರಿನಲ್ಲಿ ಮೀನಿಲ್ಲ. ಬೆಳ್ಳಕ್ಕಿ ಗದ್ದೆಯಲ್ಲಿ ಒಂಟಿ ಕಾಲಿನಲ್ಲಿ ನಿಲ್ಲಲಿಕ್ಕೆ ಹೋದರೆ ಆಗುವುದಿಲ್ಲ. ಅದರ ಕಾಲು ಬಾತಿದೆ. ಕಡ್ಡಿಯ ಹಾಗೆ ಇದ್ದ ಕಾಲು ಬಾಳೆಯ ದಿಂಡಿನ ಹಾಗಾಗಿದೆ. ಹುಡುಗಿಯ ಮನೆಯವರು ಹಬ್ಬದ ಗಡಿಬಿಡಿಯಲ್ಲಿದ್ದಾರೆ. ಹಕ್ಕಿ ಹೊಸ್ತಿಲಿಗೆ ಬಂದು ನಿಲ್ಲುತ್ತದೆ, ಯಾರೂ ತಲೆ ತಗ್ಗಿಸುವುದಿಲ್ಲ.

"ಮುಂದೆ?" ಅಂದೆ.

"ಮುಂದಿನ ಕಂತಿನಲ್ಲಿ ಬೀಳ್ತದೆ."

"ಹಕ್ಕಿ?"

"ಹಕ್ಕಿ. ಆಮೇಲೆ ಹುಡುಗಿ."

ಒಳಗೆ ಮಗಳು ಫ್ಯಾನಿನ ಕೆಳಗೆ ಮಲಗಿದ್ದಳು, ಉಸಿರಿನ ಸಪ್ಪಳ ಕೇಳುತ್ತಿತ್ತು. ಎಂತ ಮಾತು ಅಕ್ಕೋರೆ ಇದು, ಬಸುರಿ ಇರುವ ಮನೆಯಲ್ಲಿ. ಬೇರೆ ಬರೆಯಿರಿ, ನಿಮ್ಮ ಕೈಯಲ್ಲೇ ಇದೆಯಲ್ಲ ಅಂದೆ. ಅಳು ಬಂತು. ನನ್ನ ಕೈಯಲ್ಲಿ ಇಲ್ಲ ಅಂದರು. ನನ್ನ ಕೈಯಲ್ಲಿ ಇಲ್ಲ, ನಾನು ಕಂಡದ್ದು ಹೇಳುವವಳು ಅಂತ ಮತ್ತೊಮ್ಮೆ ಅಂದು, ಕಟ್ಟಿದ ದಂಡೆಯನ್ನು ಬಾಳೆಲೆಯಲ್ಲಿ ಸುತ್ತಿಟ್ಟು ಎದ್ದು ಹೋದರು. ಅವರನ್ನು ಅಷ್ಟು ದ್ವೇಷ ಮಾಡಿದ್ದು ನಾನು ಅದೊಂದೇ ದಿನ.

ನಮ್ಮಲ್ಲಿ ಯಾರಿಗಾದರೂ ಕಾಯಿಲೆ ಕಸಾಲೆ ಅಂದರೆ ಬೀರಪ್ಪನ ಗುಡಿಗೆ ಗೊಂಬೆ ಹರಕೆ ಹೇಳಿಕೊಳ್ಳುವ ಕ್ರಮ. ಗಂಡಸಿಗೆ ಗಂಡು ಗೊಂಬೆ, ಹೆಂಗಸಿಗೆ ಹೆಣ್ಣು ಗೊಂಬೆ, ಮಗುವಿಗೆ ಮಗು. ಬೆಳಗಾದ ಕೂಡಲೇ ರಿಕ್ಷಾ ಹಿಡಿದು ಗೊಂಬೆ ಮಾಡುವ ಅಜ್ಜನ ಮನೆಗೆ ಹೋದೆ. ಮಗಳಿಗೆ ಅಂತ ಹೇಳಿಕೊಳ್ಳಲಿಕ್ಕೆ ನಾಲಿಗೆ ಬರಲಿಲ್ಲ. ಅವಳಿಗೆ ಎಂತದೂ ಆಗಿಲ್ಲವಲ್ಲ, ಆಗಿದೆ ಅಂತ ದೇವರ ಮುಂದೆ ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಹಕ್ಕಿಯನ್ನು ಉಳಿಸಿದರೆ ಸಾಕು ಅಂತ ನನ್ನ ಲೆಕ್ಕ. ಬೆಳ್ಳಕ್ಕಿ ಬೇಕು ಅಂದೆ.

ಅಜ್ಜ ಮಣ್ಣಿನ ಕೈ ಒರೆಸಿಕೊಂಡ. "ಹಕ್ಕಿಗೆ ಹರಕೆಯಾ? ಯಾರ ಮನೆ ಹಕ್ಕಿ ತಂಗಿ?"

"ಮನೆಯದ್ದಲ್ಲ. ಕತೆಯೊಳಗಿಂದು."

ಅಜ್ಜ ನನ್ನ ಮುಖ ನೋಡಿದ. ನಗಲಿಲ್ಲ, ಪುಣ್ಯಾತ್ಮ. ಬೇಡಿಕೊಳ್ಳುವವರದ್ದು ಬೇಡಿಕೊಳ್ಳುವವರಿಗೆ ಗೊತ್ತು ಅಂದವನು ಮಣ್ಣು ಕಲಸಿದ. ಕುತ್ತಿಗೆ ಆಯಿತು, ಕೊಕ್ಕು ಆಯಿತು. ಕಾಲಿಗೆ ಬಂದಾಗ, "ಮಣ್ಣಲ್ಲಿ ಸಪೂರ ಕಾಲು ನಿಲ್ಲೂದಿಲ್ಲ, ದಪ್ಪ ಮಾಡ್ತೆ" ಅಂದ. ಬಿಸಿಲಿಗೆ ಇಟ್ಟು, ಮಧ್ಯಾಹ್ನದ ಮೇಲೆ ಅರ್ಧ ಒಣಗಿದ ಹಕ್ಕಿಯನ್ನು ಬಾಳೆಲೆಯಲ್ಲಿ ಕೊಟ್ಟ.

ಗುಡಿಯ ಪೂಜೆಯವರು ಹೆಸರು ನಕ್ಷತ್ರ ಕೇಳಿದರು. ಹೆಸರಿಲ್ಲ ಅಂದೆ. ನಕ್ಷತ್ರವೂ ಇಲ್ಲ ಅಂದೆ. ಅವರು ತೆಂಗಿನಕಾಯಿ ಹಿಡಿದುಕೊಂಡು ನಿಂತರು. ಹೋಗಲಿ, ತೊಂದರೆ ಎಂತದು, ಅದಾದರೂ ಹೇಳಬೇಕಲ್ಲ ಅಂದರು.

"ಕಾಲು ಬಾತಿದೆ" ಅಂದೆ.

ಹಾಗೆ ಹೇಳಿದ್ದು ನನ್ನ ಕಿವಿಗೇ ಕೇಳಿತು. ಬಾಳೆಲೆಯ ಮೇಲೆ ಹಕ್ಕಿ ನಿಂತಿತ್ತು, ಅಜ್ಜ ಮಾಡಿದ ಆ ದಪ್ಪ ಕಾಲಿನ ಮೇಲೆ. ಹಿಂದಿನ ಸಂಜೆ ಮಗಳ ಕಾಲಿನ ಗೆಜ್ಜೆ ಬಿಗಿಯಾಗಿ ಸಾಬೂನು ಹಚ್ಚಿ ಜಾರಿಸಿ ತೆಗೆದವಳು ನಾನೇ. ತೆಗೆಯುವಾಗ ಇಬ್ಬರೂ ನಕ್ಕಿದ್ದೆವು. ಇಡೀ ರಾತ್ರಿ ಹಕ್ಕಿ ಸಾಯುತ್ತದೆ ಅನ್ನುವುದನ್ನೇ ನೆನೆಸಿ ಅತ್ತಿದ್ದೆ, ಅದಕ್ಕೆ ಆದದ್ದು ಎಂತದು ಅಂತ ಒಮ್ಮೆಯೂ ನೆನೆಸಿರಲಿಲ್ಲ. ಪ್ರಸಾದ ತೆಗೆದುಕೊಳ್ಳದೇ ಮನೆಗೆ ಓಡಿ ಬಂದೆ.

ಮಗಳು ತಲೆನೋವು ಅಂತ ಮಲಗಿದ್ದಳು, ಕಣ್ಣ ಮುಂದೆ ಬೆಳಕು ಮಿಂಚಿದ ಹಾಗಾಗುತ್ತದೆ ಅಂದಳು. ಅವಳ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದೆ. ಗುಂಡಿ ಬಿತ್ತು. ಬಿದ್ದ ಗುಂಡಿ ಮೇಲೆ ಬರಲಿಲ್ಲ.

ಭಟ್ಕಳದ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ನರ್ಸು ಮತ್ತೊಮ್ಮೆ ನೋಡಿದಳು, ಡಾಕ್ಟರನ್ನು ಕರೆದಳು. ಅಲ್ಲಿಂದಲೇ ಆಂಬುಲೆನ್ಸಿನಲ್ಲಿ ಉಡುಪಿಗೆ. ದಾರಿಯುದ್ದಕ್ಕೂ ನಾನು ದೇವರ ಹೆಸರು ಹೇಳುತ್ತಿದ್ದೆ, ಯಾವ ದೇವರದ್ದು ಅಂತ ಗೊತ್ತಿಲ್ಲ. ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಕೈ ತಪ್ಪುತ್ತಿದ್ದರು ಅಂತ ಆಮೇಲೆ ಹೇಳಿದರು. ಆಪರೇಷನ್ ಮಾಡಿ ತೆಗೆದ ಮಗು ಅಂಗೈಯಷ್ಟು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಈಗ ಆ ಹುಡುಗಿ ಕುಮಟೆಯ ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತದೆ, ಹೆಜ್ಜೆ ಎತ್ತಿ ಎತ್ತಿ ಇಡುತ್ತದೆ. ಇದಕ್ಕಿಂತ ಎಂತ ಬೇಡಲಿ ನಾನು?

ಆ ಕಂತು ಇದ್ದ ಪುಸ್ತಕವನ್ನು ನಾನು ಉಡುಪಿಯಿಂದ ಬಂದ ಮೇಲೆ ಓದಿದೆ. ಬೆಳ್ಳಕ್ಕಿ ಸತ್ತಿತ್ತು. ಹುಡುಗಿಯೂ. ಅಕ್ಕೋರು ಒಂದು ಅಕ್ಷರ ಬದಲಿಸಿರಲಿಲ್ಲ. ಪುಸ್ತಕ ಹಿಡಿದುಕೊಂಡೇ ಅವರ ಬಾಗಿಲಿಗೆ ಹೋದೆ. ಜಗಳಕ್ಕೆ ಹೋದೆನೋ ಕಾಲಿಗೆ ಬೀಳಲಿಕ್ಕೆ ಹೋದೆನೋ ಈಗಲೂ ಗೊತ್ತಿಲ್ಲ. ಅವರು ಗಂಜಿ ಬಸಿಯುತ್ತಿದ್ದರು.

"ಕತೆಯಲ್ಲಿ ಯಾರೂ ಕಾಲು ನೋಡಲಿಲ್ಲ ತಂಗಿ" ಅಂದರು. "ನೀ ನೋಡಿದೆ."

ಇಷ್ಟು ಹೇಳಿ ಗಂಜಿಗೆ ಉಪ್ಪು ಹಾಕಿ ನನಗೂ ಒಂದು ಬಟ್ಟಲು ಕೊಟ್ಟರು.

ಅಲ್ಲಿಂದೀಚೆಗೆ ನಮ್ಮ ಅತ್ತೆಗೆ ಅಕ್ಕೋರು ಅಂದರೆ ದೇವಿಯೇ. ತಮ್ಮ ಮಂಡಿನೋವಿಗೂ ಯಾವುದಾದರೂ ಪ್ರಾಣಿ ಹಾಕಿ ಬರೆಯಿರಿ ಅಂತ ಬೆನ್ನು ಹತ್ತಿದರು. ಕೇರಿಯ ಕೆಲವರು ಮಾತ್ರ ಅವರ ಎದುರಿಗೆ ಬರಲಿಕ್ಕೆ ಹೆದರಿದರು. ಅವರು ಬಾಯಿ ಹಾಕಿದರೆ ಆಗಿಯೇ ಹೋಗುತ್ತದೆ ಅಂತ. ಹೂವಿನವನೇ ತನ್ನ ಕಾಗೆಗೆ ಕತೆಯಲ್ಲಿ ಎಂತದೂ ಆಗದ ಹಾಗೆ ನೋಡಿಕೊಳ್ಳಿ ಅಂತ ಒಂದು ಹಲಸಿನಹಣ್ಣು ತಂದಿಟ್ಟ. ಅಕ್ಕೋರು ಹಣ್ಣು ಬಿಡಿಸಿ ತೊಳೆಗಳನ್ನು ಕೇರಿಗೆಲ್ಲ ಹಂಚಿದರು. ನಗಲಿಲ್ಲ.

ಮೊಮ್ಮಗಳಿಗೆ ವರ್ಷ ತುಂಬಿದ ಊಟಕ್ಕೆ ಅಕ್ಕೋರನ್ನು ಕುಮಟೆಗೆ ಕರೆದುಕೊಂಡು ಹೋಗಿದ್ದೆವು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತರು. ಬಡಿಸುವವರು ನನಗೆ ಉಪ್ಪಿನಕಾಯಿ ಹಾಕಲಿಲ್ಲ, ಕೋಸಂಬರಿ ಹಾಕಲಿಲ್ಲ, ಹೆಣ್ಣಿನ ತಾಯಿ ಅಂತ ಒಂದು ಮರ್ಯಾದೆ ಬೇಡವಾ ಅಂತ ಅಕ್ಕೋರ ಕಿವಿಯಲ್ಲಿ ಗೊಣಗಿದೆ. ಅವರು ನನ್ನ ಎಲೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಎಲೆಯನ್ನು ಸ್ವಲ್ಪ ಬಲಕ್ಕೆ ಜರುಗಿಸಿದರು. ಆಗ ಉಪ್ಪಿನಕಾಯಿ ಕಂಡಿತು. ಅಯ್ಯೋ, ಈಗ ಹಾಕಿದರಾ ಅಂದೆ.

ಬಾಗಿಲ ದಾರಂದಕ್ಕೆ ಎಡ ಹೆಗಲು ಹೊಡೆದುಕೊಳ್ಳುವುದು ನನಗೆ ಆಗಲೇ ಶುರುವಾಗಿತ್ತು. ಬಾಗಿಲು ಜರುಗಿದೆಯಾ ಅಂತ ನಮ್ಮ ಮನೆಯವರು ತಮಾಷೆ ಮಾಡುತ್ತಿದ್ದರು. ಅಕ್ಕೋರು ಒಮ್ಮೆ, ಕಣ್ಣು ತೋರಿಸು ತಂಗಿ, ಕಣ್ಣಷ್ಟೇ ಅಲ್ಲ, ದೊಡ್ಡ ಡಾಕ್ಟರಿಗೆ ತೋರಿಸು ಅಂದಿದ್ದರು. ಮಳೆಗಾಲ ಕಳೆಯಲಿ, ಕನ್ನಡಕ ಮಾಡಿಸಿಕೊಳ್ಳುತ್ತೇನೆ ಅಂದಿದ್ದೆ. ವಯಸ್ಸಾಯಿತಲ್ಲ, ಎಲ್ಲರಿಗೂ ಇರುವುದೇ. ಅವರು ಮತ್ತೆ ಹೇಳಲಿಲ್ಲ. ನನ್ನ ದಂಡೆಯನ್ನು ಎತ್ತಿಕೊಂಡು ಸಂದು ಬಿದ್ದಲ್ಲೆಲ್ಲ ಬಿಚ್ಚಿ ಹೂ ಸೇರಿಸಿ ಕಟ್ಟುತ್ತಿದ್ದರು, ಅಷ್ಟೇ. ಕತೆ ಹೇಳುವುದನ್ನೂ ಆಮೇಲೆ ನಿಲ್ಲಿಸಿದರು. ಮುಂದೆ ಎಂತಾಯಿತು ಅಂದರೆ, ಪುಸ್ತಕದಲ್ಲೇ ಓದು ಈ ಸಲ ಅಂದರು.

ಶ್ರಾವಣ ಕಳೆದ ಮೇಲೆ ಹೊನ್ನಾವರದ ತಂಗಿಯ ಮನೆಗೆ ಹೊರಟರು. ಬೀಗದ ಕೈ ನನ್ನ ಹತ್ತಿರ ಕೊಟ್ಟು, ಬಸ್ಸು ಬರುವವರೆಗೆ ನನ್ನ ಎಡಗಡೆಗೇ ನಿಂತುಕೊಂಡಿದ್ದರು. ರಸ್ತೆಯ ಕಡೆ ಅದು. ಕೈಚೀಲದಿಂದ ಒಂದು ಲಕೋಟೆ ತೆಗೆದು ಪೋಸ್ಟ್ ಡಬ್ಬಿಗೆ ಹಾಕಿ ಬಂದು ಮತ್ತೆ ಅಲ್ಲೇ ನಿಂತರು. ಅಲ್ಲಿ ಹೋಗಿ ಕೆಲವೇ ದಿನಕ್ಕೆ, ಬೆಳಿಗ್ಗೆ ಚಾ ಕುಡಿದು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋದರಂತೆ. ನರಳಾಟ ಇಲ್ಲ. ದೇವರು ಅಷ್ಟು ನಡೆಸಿಕೊಟ್ಟ. ಅವರ ಪ್ರಾಣಿ ಯಾವುದು ಅಂತ ಕೊನೆಗೂ ಗೊತ್ತಾಗಲಿಲ್ಲ. ಗೇರು ಮರದ ಮಂಗಗಳನ್ನು ಅವರ ಹಾಗೇ ಈಗ ನಾನೂ ಓಡಿಸುವುದಿಲ್ಲ.

ಇನ್ನು ಆ ಪುಸ್ತಕದ ಮಾತು.

ಈ ಸಲದ ಕತೆಯಲ್ಲಿ ಅರಮನೆಗೆ ಹೂ ಕಟ್ಟಿಕೊಡುವ ಒಬ್ಬ ಹೆಂಗಸು ಬರುತ್ತಾಳೆ. ಎಲ್ಲರ ಮನೆಯ ಹರಕೆ ಹೊರುವವಳು, ಎಲ್ಲರಿಗೂ ಬಡಿಸಿ ತಾನು ಕೊನೆಗೆ ಉಣ್ಣುವವಳು ಅಂತ ಬರೆದಿದ್ದಾರೆ. ಅವಳ ಜೊತೆ ಒಂದು ಕೋಳಿ. ಜಗಲಿಯ ಕೆಳಗೆ ಅವಳು ಕಾಳು ಹಾಕುತ್ತಾಳೆ. ಕೋಳಿ ಬಲಗಡೆಯ ಕಾಳನ್ನೆಲ್ಲ ಹೆಕ್ಕಿ ತಿನ್ನುತ್ತದೆ. ಎಡಗಡೆಯದ್ದು ಹಾಗೇ ಇರುತ್ತದೆ. ಹೆಂಗಸು ಕೋಳಿಗೆ ಹೊಟ್ಟೆ ತುಂಬಿತು ಅಂದುಕೊಂಡು ಉಳಿದ ಕಾಳನ್ನು ಗುಡಿಸುತ್ತಾಳೆ. ಕೋಳಿ ದಿನದಿಂದ ದಿನಕ್ಕೆ ಬಡಕಲಾಗುತ್ತದೆ. ಅಲ್ಲಿಗೆ ಆ ತಿಂಗಳ ಕತೆ ಮುಗಿಯುತ್ತದೆ.

ಮೊದಲ ಸಲ ಓದಿದಾಗ ಕೋಳಿ ಬಂತಲ್ಲ, ಮೊಟ್ಟೆಯಿಂದ ಹೊರಗೆ ಬಂತಲ್ಲ ಅಂತ ಖುಷಿಯೇ ಆಯಿತು ನನಗೆ. ಎರಡನೆಯ ಸಲ ಓದುವಾಗ ಬೀರಪ್ಪನ ಗುಡಿಯ ಬಾಗಿಲಲ್ಲಿ ನಿಂತಂತೆ ಆಯಿತು. ಹಕ್ಕಿಗೆ ಎಂತ ಆಗಿದೆ ಅಂತ ಪೂಜೆಯವರು ಕೇಳಿದ ಹಾಗೆ.

ಮಾರನೆಯ ಬೆಳಿಗ್ಗೆ ದೋಸೆ ಹಾಕಿ ಕೊಟ್ಟು, ನಮ್ಮ ಮನೆಯವರ ಮುಂದೆ ಪುಸ್ತಕ ಇಟ್ಟೆ. ಅವರು ಓದುವವರಲ್ಲ, ಅಂದು ಓದಿದರು. ಓದಿ ಮುಗಿಸಿ ದೋಸೆ ಹಾಗೇ ಬಿಟ್ಟು ಎದ್ದು ಬಂದು ನನ್ನ ಪಕ್ಕ ನಿಂತರು. ನೆಟ್ಟಗೆ ಎದುರಿನ ದೇವರ ಪಟ ನೋಡು, ತಲೆ ತಿರುಗಿಸಬೇಡ ಅಂದರು. ನೋಡಿದೆ. ಹಣೆಗೆ ಕುಂಕುಮ ಇಟ್ಟ ದೇವಿ, ಬೆಳಿಗ್ಗೆ ನಾನೇ ಏರಿಸಿದ ಮಲ್ಲಿಗೆ.

"ಎಷ್ಟು ಬೆರಳು ಹೇಳು."

"ಕೈ ಎತ್ತಿ ಮೊದಲು" ಅಂದೆ.

ತಡೆಯದೇ ತಲೆ ತಿರುಗಿಸಿದೆ. ಅವರ ಕೈ ನನ್ನ ಎಡಗೆನ್ನೆಯ ಹತ್ತಿರವೇ ಇತ್ತು, ನಾಲ್ಕು ಬೆರಳು ಬಿಚ್ಚಿಕೊಂಡು. ಎತ್ತಿ ಆಗಿತ್ತು.

ನಾಳೆ ಬೆಳಗಿನ ಬಸ್ಸಿಗೆ ಉಡುಪಿಗೆ ಹೊರಟಿದ್ದೇವೆ. ಮಗಳು ಕುಮಟೆಯಿಂದ ಮಗು ಕಟ್ಟಿಕೊಂಡು ಬಂದಿದ್ದಾಳೆ. ಅತ್ತೆ ಗೊಂಬೆ ಮಾಡುವ ಅಜ್ಜನಿಗೆ ಹೇಳಿ ಕಳಿಸಿದ್ದಾರೆ. ಡಾಕ್ಟರು ತಲೆಯೊಳಗಿನ ಫೋಟೋ ತೆಗೆದು ಎಂತ ಹೇಳುತ್ತಾರೋ ಗೊತ್ತಿಲ್ಲ. ಹೆದರಿಕೆ ಇಲ್ಲ ಅಂದರೆ ಸುಳ್ಳು. ಸಂಜೆ ಪಕ್ಕದ ಮನೆಯ ಬೀಗ ತೆಗೆದು ಒಳಗೆ ಕಸ ಗುಡಿಸಿ, ಅಕ್ಕೋರು ಕೂರುವ ಜಾಗದಲ್ಲಿ ಒಂದು ದಂಡೆ ಇಟ್ಟು ಬಂದೆ. ಸಂದು ಸಂದಾಗಿಯೇ ಇತ್ತು, ಇರಲಿ ಅಂತ ಬಿಟ್ಟೆ.

ಬೆಳ್ಳಕ್ಕಿಯ ಕತೆಯನ್ನು ಅವರು ಪೂರಾ ಬರೆದರು. ಇದನ್ನು ಮುಗಿಸಲಿಲ್ಲ. ಆ ಕೋಳಿಗೆ ಮುಂದೆ ಎಂತಾಯಿತು ಅಂತ ಇನ್ನು ಯಾವ ತಿಂಗಳ ಪುಸ್ತಕದಲ್ಲೂ ಬರುವುದಿಲ್ಲ. ನಿಂತ ಜಾಗದಲ್ಲಿ ಅದು ಇನ್ನೂ ಬದುಕಿಯೇ ಇದೆ. ದೇವರ ದಯೆಯಲ್ಲಿ ಇದೊಂದನ್ನೂ ನಾನು ಸೇರಿಸಿಕೊಂಡಿದ್ದೇನೆ.